ಅನಾವೃತ ನಿಸ್ತಂತು ಜಾಲಗಳೂ ಅದತ್ತೋಪಭೋಗ ವಿಚಾರವೂ

ಪರರ ವಸ್ತುವನ್ನು ಅವರ ಅನುಮತಿಯಿಲ್ಲದೆ ಅಪಹರಿಸುವುದು ಸ್ತೇಯವೆಂಬ ವಿಷಯದಲ್ಲಿ ಯಾರಿಗೂ ವಿವಾದವಿಲ್ಲ. ಆದರೆ ವಸ್ತುವನ್ನು ಅದರ ಸ್ಥಾನದಿಂದ ಕದಲಿಸದೆ, ಒಡೆಯನ ಬಳಿಯಲ್ಲಿಯೇ ಬಿಟ್ಟು, ಅದರಿಂದ ದೊರೆಯುವ ಪ್ರಯೋಜನವನ್ನು ಮಾತ್ರ ಅವನಿಗೆ ತಿಳಿಯದಂತೆ ಅನುಭವಿಸಿದರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯು ಪುರಾತನವಾದುದು. ನಮ್ಮ ಸ್ಮೃತಿಕಾರರು ಬಾವಿ, ಕೆರೆ, ಉದ್ಯಾನ, ವಾಹನಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಿದ್ದಾರೆ. ಈ ಕಾಲದಲ್ಲಿ ಅದೇ ಪ್ರಶ್ನೆಯು ಹೊಸ ವೇಷದಿಂದ ಮನೆಮನೆಯ ಬಾಗಿಲಿಗೆ ಬಂದು ನಿಂತಿದೆ. ನೆರೆಮನೆಯವರು ಪಾಸ್‌ವರ್ಡ್ ಇಡದೆ ಬಿಟ್ಟಿರುವ ವೈಫೈ ಜಾಲವನ್ನು ಅವರನ್ನು ಕೇಳದೆ ಬಳಸಬಹುದೆ, ಕೂಡದೆ ಎಂಬುದೇ ಅದು. ಮೀಮಾಂಸಕರು ಅಧಿಕರಣಗಳಲ್ಲಿ ಅನುಸರಿಸುವ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಕ್ರಮವನ್ನೇ ಹಿಡಿದು ಇದನ್ನು ಇಲ್ಲಿ ಪರಿಶೀಲಿಸುತ್ತೇವೆ.

೧. ವಿಷಯ

ನಿಸ್ತಂತು ಜಾಲದ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ಮನೆಗೆ ತಂತಿಯ ಮೂಲಕವಾಗಲಿ ಗಾಜಿನ ಎಳೆಯ ಮೂಲಕವಾಗಲಿ ಬರುವ ಅಂತರ್ಜಾಲದ ಸಂಪರ್ಕವನ್ನು ರೌಟರ್ ಎಂಬ ಪುಟ್ಟ ಯಂತ್ರವು ರೇಡಿಯೋ ತರಂಗಗಳಾಗಿ ಮಾರ್ಪಡಿಸಿ ಸುತ್ತಲೂ ಹರಡುತ್ತದೆ. ಇದಕ್ಕೆ ಬೇಕಾದ ನಿಯಮಾವಳಿಯು ೮೦೨.೧೧ ಎಂಬ ಸಂಖ್ಯೆಯಿಂದ ೧೯೯೭ರಲ್ಲಿ ಮೊದಲು ಪ್ರಕಟವಾಯಿತು. ಈ ಜಾಲಗಳು ಬಳಸುವ ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಲ್ಪಶಕ್ತಿಯ ಯಂತ್ರಗಳನ್ನು ಲೈಸೆನ್ಸು ಇಲ್ಲದೆಯೇ ನಡೆಸಬಹುದೆಂದು ಭಾರತ ಸರ್ಕಾರವು ೨೦೦೫ರಲ್ಲಿ ನಿಯಮ ಮಾಡಿತು. ಅಲ್ಲಿಂದೀಚೆಗೆ ಇವು ನಮ್ಮ ನಗರಗಳಲ್ಲಿ ತುಂಬಿಹೋದವು.

ರೌಟರು ಸೆಕೆಂಡಿಗೆ ಹಲವು ಸಲ ತನ್ನ ಹೆಸರನ್ನು ಸಾರುತ್ತಿರುತ್ತದೆ. ಹತ್ತಿರದಲ್ಲಿರುವ ಫೋನು ಅದನ್ನು ಕೇಳಿ, ಸೇರಿಸಿಕೊಳ್ಳೆಂದು ಬೇಡುತ್ತದೆ. ಜಾಲಕ್ಕೆ ಪಾಸ್‌ವರ್ಡ್ ಇದ್ದರೆ ಅದನ್ನು ಬಲ್ಲವನಿಗೆ ಮಾತ್ರ ಪ್ರವೇಶ. ಇಲ್ಲದಿದ್ದರೆ ಬೇಡಿದವರಿಗೆಲ್ಲ ಪ್ರವೇಶ. ಹೀಗೆ ಒಳಗೆ ಬಂದ ಪ್ರತಿಯೊಂದು ಯಂತ್ರಕ್ಕೂ ರೌಟರು ಒಂದೊಂದು ಒಳವಿಳಾಸವನ್ನು ಕೊಡುತ್ತದೆ. ಆದರೆ ಹೊರಲೋಕಕ್ಕೆ ಈ ಒಳವಿಳಾಸಗಳು ಕಾಣಿಸುವುದಿಲ್ಲ. ಒಂದು ಮನೆಯ ಜಾಲದಲ್ಲಿ ಹತ್ತು ಜನರಿದ್ದರೂ ಅವರೆಲ್ಲರ ವ್ಯವಹಾರವೂ ಹೊರಗೆ ಆ ಮನೆಯ ಸಂಪರ್ಕದ ಹೆಸರಿನಲ್ಲಿಯೇ ನಡೆಯುತ್ತದೆ. ಈ ಕಡೆಯ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ನಿರ್ಣಯವೆಲ್ಲ ಇದರ ಮೇಲೆಯೇ ನಿಂತಿದೆ.

೨. ಸಂಶಯ

ಬೀಗವನ್ನು ಒಡೆದು, ಎಂದರೆ ಪಾಸ್‌ವರ್ಡನ್ನು ಕುಯುಕ್ತಿಯಿಂದ ಭೇದಿಸಿ ಒಳನುಗ್ಗುವುದು ದೋಷವೆಂಬುದರಲ್ಲಿ ಸಂಶಯವಿಲ್ಲ. ರೈಲ್ವೆ ನಿಲ್ದಾಣದಲ್ಲಿ ಪ್ರಯಾಣಿಕರಿಗಾಗಿಯೇ ಇಟ್ಟಿರುವ ಜಾಲವನ್ನು ಬಳಸುವುದು ನಿರ್ದೋಷವೆಂಬುದರಲ್ಲಿಯೂ ಸಂಶಯವಿಲ್ಲ. ಇವೆರಡರ ನಡುವೆ ಇರುವ ಸ್ಥಿತಿಯೇ ಸಂಶಯಾಸ್ಪದವಾದುದು. ಬೀಗವಿಲ್ಲ, ಆಹ್ವಾನವೂ ಇಲ್ಲ. ಇಂಥ ಜಾಲವು ಸರ್ವಸಾಮಾನ್ಯವೆ, ಪರಸ್ವವೆ?

೩. ಪೂರ್ವಪಕ್ಷ

ಸರ್ವಸಾಮಾನ್ಯವೆಂಬುವರ ವಾದವು ನಾಲ್ಕು ಬಗೆಯಾಗಿರುತ್ತದೆ.

ಮೊದಲನೆಯದು: ಆಕಾಶವೂ ಅದರಲ್ಲಿ ಚಲಿಸುವ ತರಂಗಗಳೂ ಯಾರೊಬ್ಬರ ಸ್ವತ್ತೂ ಅಲ್ಲ. ತರಂಗಗಳು ನಾನು ಕರೆಯದೆಯೇ ನನ್ನ ಮನೆಯ ಗೋಡೆಯನ್ನು ದಾಟಿ ಒಳಗೆ ಬಂದಿವೆ. ನನ್ನ ಮನೆಗೆ ಬಂದ ಗಾಳಿಯನ್ನು ನಾನು ಉಸಿರಾಡಿದರೆ ತಪ್ಪೇನು?

ಎರಡನೆಯದು: ನೆರೆಮನೆಯ ಜಗುಲಿಯ ದೀಪದ ಬೆಳಕಿನಲ್ಲಿ ಒಬ್ಬನು ಬೀದಿಯಲ್ಲಿ ಕುಳಿತು ಓದಿದರೆ ದೀಪದ ಎಣ್ಣೆ ಹೆಚ್ಚಾಗಿ ಸುಡುವುದಿಲ್ಲ. ಒಡೆಯನಿಗೆ ನಷ್ಟವಿಲ್ಲದ ಉಪಭೋಗವು ದೋಷವಾಗಲಾರದು.

ಮೂರನೆಯದು: ಬೇಲಿಯಿಲ್ಲದ ಮರದ ಹಣ್ಣನ್ನು ತನ್ನದೆಂಬಂತೆ ತೆಗೆದುಕೊಳ್ಳಬಹುದೆಂದು ಗೌತಮ ಧರ್ಮಸೂತ್ರವು ಅನುಮತಿಸುತ್ತದೆ. ಹಸುವಿಗೆ ಹುಲ್ಲು, ಅಗ್ನಿಗೆ ಸೌದೆ ಇವೂ ಹಾಗೆಯೇ. ದಾರಿಯಲ್ಲಿ ಬುತ್ತಿ ಮುಗಿದ ದ್ವಿಜನು ಪರರ ಹೊಲದಿಂದ ಎರಡು ಕಬ್ಬನ್ನೂ ಎರಡು ಗೆಡ್ಡೆಯನ್ನೂ ತೆಗೆದುಕೊಂಡರೆ ದಂಡವಿಲ್ಲವೆಂದು ಮನುವೂ ಹೇಳಿದ್ದಾನೆ. ಪಾಸ್‌ವರ್ಡ್ ಎಂಬುದು ಜಾಲದ ಬೇಲಿ. ಬೇಲಿ ಹಾಕದವನು ಬಿಟ್ಟುಕೊಟ್ಟಂತೆಯೇ ಸರಿ.

ನಾಲ್ಕನೆಯದು ಇವೆಲ್ಲಕ್ಕಿಂತ ಬಲವಾದದ್ದು: ನಾವು ಕದ್ದು ಒಳಹೊಕ್ಕಿಲ್ಲ, ಬಾಗಿಲಲ್ಲಿ ನಿಂತು ಕೇಳಿದ್ದೇವೆ. ಒಡೆಯನ ಯಂತ್ರವೇ ತನ್ನ ಹೆಸರನ್ನು ಕೂಗಿ ಹೇಳಿತು. ನಾವು ಬೇಡಿದೊಡನೆ ವಿಳಾಸವನ್ನು ಕೊಟ್ಟು ಒಳಗೆ ಕರೆದುಕೊಂಡಿತು. ಸೇವಕನು ಕೊಟ್ಟ ಅನುಮತಿಯು ಯಜಮಾನನ ಅನುಮತಿಯೇ ಅಲ್ಲವೆ?

೪. ಸಿದ್ಧಾಂತ

ಈ ವಾದಗಳಲ್ಲಿ ಒಂದೊಂದನ್ನೂ ಪರೀಕ್ಷಿಸೋಣ.

ತರಂಗಗಳು ನಮ್ಮ ಮನೆಗೆ ಬರುತ್ತವೆಂಬುದು ನಿಜ. ಅವು ಬಂದುದರಿಂದ ನಮಗೆ ದೋಷವಿಲ್ಲ. ಫೋನಿನ ಪಟ್ಟಿಯಲ್ಲಿ ನೆರೆಯವರ ಜಾಲದ ಹೆಸರು ಕಾಣಿಸಿದರೂ ದೋಷವಿಲ್ಲ. ಆದರೆ ಕಾಣುವುದು ಬೇರೆ, ಬಳಸುವುದು ಬೇರೆ. ಗಾಳಿಯು ತಾನಾಗಿ ಬೀಸುತ್ತದೆ. ಅದನ್ನು ಉಸಿರಾಡುವವನು ಯಾರಿಗೂ ಕೆಲಸ ಹೇಳುವುದಿಲ್ಲ. ಜಾಲವನ್ನು ಬಳಸುವವನಾದರೋ ತನ್ನ ಕಡೆಯಿಂದ ಆಜ್ಞೆಗಳನ್ನು ಕಳುಹಿಸಿ, ಒಡೆಯನ ಯಂತ್ರದಿಂದ ದುಡಿಸಿಕೊಂಡು, ಅವನು ಹಣ ತೆತ್ತು ಪಡೆದ ಮಾರ್ಗದಲ್ಲಿ ತನ್ನ ಸರಕನ್ನು ತರಿಸಿಕೊಳ್ಳುತ್ತಾನೆ. ಆದಕಾರಣ ಇಲ್ಲಿ ಗಾಳಿಯ ದೃಷ್ಟಾಂತವು ಸಲ್ಲದು. ಹಗ್ಗ ಬಿಟ್ಟು ನೀರು ಸೇದುವ ಬಾವಿಯ ದೃಷ್ಟಾಂತವೇ ಸಲ್ಲುವುದು.

ದೀಪದ ದೃಷ್ಟಾಂತವೂ ಎರಡು ಕಾರಣಗಳಿಂದ ಮುರಿಯುತ್ತದೆ. ಒಂದು ನಿಸ್ತಂತು ವಾಹಿನಿಯಲ್ಲಿ ಏಕಕಾಲಕ್ಕೆ ಒಂದೇ ಯಂತ್ರವು ಮಾತನಾಡಬಲ್ಲುದು, ಉಳಿದವು ಕಾಯಬೇಕು. ದೂರದಲ್ಲಿ ಕುಳಿತು ಕ್ಷೀಣವಾದ ಸಂಪರ್ಕದಿಂದ ಬಳಸುವವನು ಅಷ್ಟೇ ಸರಕಿಗೆ ಹೆಚ್ಚು ಕಾಲವನ್ನು ಆಕ್ರಮಿಸುತ್ತಾನೆ. ಆ ಕಾಲವು ಮನೆಯವರ ಪಾಲಿನಿಂದ ಹೋದದ್ದು. ಸಂಪರ್ಕಕ್ಕೆ ಪರಿಮಿತಿಯಿದ್ದರೆ ಆ ಪರಿಮಿತಿಯೂ ಬೇಗನೆ ಮುಗಿಯುತ್ತದೆ. ಎರಡನೆಯ ಕಾರಣವು ಇದಕ್ಕಿಂತ ಗುರುತರವಾದದ್ದು. ದೀಪದ ಬೆಳಕಿನಲ್ಲಿ ಕುಳಿತು ಒಬ್ಬನು ಸುಳ್ಳು ಪತ್ರವನ್ನು ಬರೆದರೆ ಆ ಪತ್ರದ ಮೇಲೆ ದೀಪದ ಒಡೆಯನ ಹೆಸರು ಬೀಳುವುದಿಲ್ಲ. ಜಾಲದಲ್ಲಿ ಬೀಳುತ್ತದೆ. ಹೊರಗಿನವರಿಗೆ ಕಾಣುವುದು ಮನೆಯ ಸಂಪರ್ಕವೊಂದೇ ಎಂದು ಮೇಲೆ ಹೇಳಿದೆವಷ್ಟೆ. ಆದುದರಿಂದ ಅನಾವೃತ ಜಾಲವನ್ನು ಬಳಸುವವನು ತೆಗೆದುಕೊಳ್ಳುವುದು ಒಡೆಯನ ಸಂಪರ್ಕವನ್ನು ಮಾತ್ರವಲ್ಲ, ಒಡೆಯನ ಹೆಸರನ್ನು. ಸಂಪರ್ಕದ ನಷ್ಟವು ಅಲ್ಪವಾಗಿರಬಹುದು. ಹೆಸರಿನ ನಷ್ಟಕ್ಕೆ ಅಳತೆಯಿಲ್ಲ.

ಇದು ಬರಿಯ ತರ್ಕವಲ್ಲ. ೨೦೦೮ರ ಜುಲೈ ೨೬ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸ್ಫೋಟಿಸುವುದಕ್ಕೆ ಕೆಲವೇ ನಿಮಿಷಗಳ ಮೊದಲು ಸುದ್ದಿಸಂಸ್ಥೆಗಳಿಗೆ ಬೆದರಿಕೆಯ ಮಿಂಚಂಚೆಯೊಂದು ತಲುಪಿತು. ಪೊಲೀಸರು ಅದರ ಜಾಡನ್ನು ಹಿಡಿದು ಹೋದಾಗ ಅದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ಸಂಪರ್ಕಕ್ಕೆ ಮುಟ್ಟಿತು. ಅವರ ನಿಸ್ತಂತು ಜಾಲಕ್ಕೆ ಕಾವಲಿರಲಿಲ್ಲ. ಹೊರಗಿನವರು ಅದನ್ನು ಬಳಸಿಕೊಂಡಿದ್ದರು. ಅದೇ ವರ್ಷದ ಸೆಪ್ಟೆಂಬರ್ ೧೩ರಂದು ದೆಹಲಿಯಲ್ಲಿ ಸ್ಫೋಟಗಳಾದಾಗಲೂ ಮಿಂಚಂಚೆಯು ಮುಂಬಯಿಯ ಚೆಂಬೂರಿನ ಒಂದು ವ್ಯಾಪಾರಸಂಸ್ಥೆಯ ಜಾಲದ ಮೂಲಕ ಹೊರಟಿತ್ತು. ಏನನ್ನೂ ಅರಿಯದ ಗೃಹಸ್ಥನ ಬಾಗಿಲಿಗೆ ರಾಜಪುರುಷರು ಬಂದು ನಿಲ್ಲುವುದು ಎಂಥ ಸಂಕಟವೆಂಬುದನ್ನು ವಿವರಿಸಬೇಕಾದುದಿಲ್ಲ.

ಇನ್ನು ಬೇಲಿಯ ವಾದ. ಗೌತಮನ ಅನುಮತಿಯು ಪರಿಮಿತವಾದುದು. ಹುಲ್ಲು, ಸೌದೆ, ಹೂವು, ಹಣ್ಣು ಎಂದು ವಸ್ತುಗಳನ್ನು ಎಣಿಸಿ ಹೇಳಿದ್ದಾನೆ. ಬೇಲಿಯಿಲ್ಲದುದೆಲ್ಲವೂ ಸರ್ವರದು ಎಂದು ಹೇಳಿಲ್ಲ. ಮನುವಿನ ವಚನದಲ್ಲಿಯೂ ಪಥಿಕನೆಂಬುದು ಒಂದು ನಿಯಮ, ಬುತ್ತಿ ಮುಗಿದವನೆಂಬುದು ಒಂದು ನಿಯಮ, ಎರಡೇ ಕಬ್ಬು ಎಂಬುದು ಮತ್ತೊಂದು ನಿಯಮ. ಇದು ಆಪತ್ತಿನ ವಿಷಯವೇ ಹೊರತು ನಿತ್ಯದ ವಿಷಯವಲ್ಲ. ದಿನವೂ ಅದೇ ಹೊಲಕ್ಕೆ ಬಂದು ಹೊರೆಹೊರೆಯಾಗಿ ಕಬ್ಬನ್ನು ಕೊಂಡೊಯ್ಯುವವನನ್ನು ಮನುವು ಪಥಿಕನೆನ್ನಲಾರನು. ಮೇಲಾಗಿ, ನಮ್ಮ ವಿಷಯಕ್ಕೆ ಹತ್ತಿರವಾದ ವಿಧಿಯು ಮನುಸ್ಮೃತಿಯಲ್ಲಿ ಬೇರೊಂದು ಕಡೆ ಇದೆ. ಪರರ ವಾಹನ, ಶಯ್ಯೆ, ಆಸನ, ಬಾವಿ, ಉದ್ಯಾನ, ಮನೆ ಇವುಗಳನ್ನು ಅವರು ಕೊಡದೆ ಉಪಭೋಗಿಸುವವನು ಒಡೆಯನ ಪಾಪದಲ್ಲಿ ನಾಲ್ಕನೆಯ ಒಂದು ಪಾಲಿಗೆ ಭಾಗಿಯಾಗುತ್ತಾನೆಂದು ನಾಲ್ಕನೆಯ ಅಧ್ಯಾಯದಲ್ಲಿ ಹೇಳಿದೆ. ಇವುಗಳಲ್ಲಿ ಯಾವುದನ್ನೂ ಬಳಸುವವನು ಹೊತ್ತುಕೊಂಡು ಹೋಗುವುದಿಲ್ಲ, ಬಳಸಿ ಬಿಟ್ಟುಹೋಗುತ್ತಾನೆ. ಆದರೂ ದೋಷವುಂಟು. ದೋಷದ ಹೇತುವು ಬೇಲಿಯನ್ನು ಮುರಿದುದಲ್ಲ, ನಷ್ಟವನ್ನು ಮಾಡಿದುದೂ ಅಲ್ಲ. ಕೊಡದೆ ಇದ್ದುದನ್ನು ಅನುಭವಿಸಿದುದೇ ಹೇತು. ಇದನ್ನೇ ನಾವು ಅದತ್ತೋಪಭೋಗವೆಂದು ಕರೆದಿದ್ದೇವೆ.

ಹಾಗಾದರೆ ಕೊಟ್ಟದ್ದು ಯಾವುದು, ಕೊಡದೆ ಇದ್ದದ್ದು ಯಾವುದು ಎಂದು ತಿಳಿಯುವ ಬಗೆ ಹೇಗೆ? ಇಲ್ಲಿ ನಮ್ಮ ನಾಡಿನ ಗ್ರಂಥವೇ ದಾರಿಯನ್ನು ತೋರಿಸುತ್ತದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪರರ ನೀರಿನಲ್ಲಿ ಸ್ನಾನಮಾಡುವವನು ಐದು ಹಿಡಿ ಮಣ್ಣನ್ನು ಎತ್ತಿ ಹೊರಗೆ ಹಾಕದೆ ಸ್ನಾನಮಾಡಕೂಡದೆಂದು ಮೂಲದ ಆಚಾರಾಧ್ಯಾಯದಲ್ಲಿ ವಿಧಿಯಿದೆ. ಪರರ ನೀರೆಂದರೆ ಯಾವುದು ಎಂಬುದನ್ನು ವಿಜ್ಞಾನೇಶ್ವರನು ವಿವರಿಸುತ್ತಾನೆ: ಸಮಸ್ತ ಪ್ರಾಣಿಗಳಿಗಾಗಿ ಎಂದು ಒಡೆಯನು ತ್ಯಾಗಮಾಡದೆ ಇರುವ ಕೆರೆ ಮೊದಲಾದುದು. ಇದರಿಂದ ತನ್ನದಾದ ನೀರು, ಸರ್ವರಿಗಾಗಿ ಉತ್ಸರ್ಗ ಮಾಡಿದ ನೀರು, ಒಡೆಯನು ಅನುಮತಿಯಿತ್ತ ನೀರು ಈ ಮೂರರಲ್ಲಿ ಅಡ್ಡಿಯಿಲ್ಲವೆಂದು ಫಲಿಸುತ್ತದೆ.

ಇದು ನಮಗೆ ಬಹಳ ಉಪಯುಕ್ತವಾದ ವಿಭಾಗ. ಕೆರೆಗೆ ಕಟ್ಟೆಯಿದ್ದರೂ ಬಾಗಿಲಿರುವುದಿಲ್ಲ. ಬಾಗಿಲಿಲ್ಲದ ಮಾತ್ರಕ್ಕೆ ಅದು ಸರ್ವರದಾಗಲಿಲ್ಲ. ಒಡೆಯನು ಸಂಕಲ್ಪಪೂರ್ವಕವಾಗಿ ಬಿಟ್ಟುಕೊಟ್ಟರೆ ಮಾತ್ರ ಸರ್ವರದಾಯಿತು. ಉತ್ಸರ್ಗವು ಸಂಕಲ್ಪದಿಂದ ಆಗತಕ್ಕದ್ದೇ ಹೊರತು ಮರೆವಿನಿಂದ ಆಗತಕ್ಕದ್ದಲ್ಲ. ೨೦೧೪ರ ಜನವರಿಯಲ್ಲಿ ಬೆಂಗಳೂರಿನ ಮಹಾತ್ಮಾಗಾಂಧಿ ರಸ್ತೆ ಮೊದಲಾದ ಸ್ಥಳಗಳಲ್ಲಿ ಸಾರ್ವಜನಿಕರಿಗಾಗಿ ವೈಫೈ ವ್ಯವಸ್ಥೆಯು ಆರಂಭವಾದಾಗಲೂ, ೨೦೧೬ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ ಮೊದಲುಗೊಂಡು ರೈಲ್ವೆ ನಿಲ್ದಾಣಗಳಿಗೆ ವೈಫೈ ಬಂದಾಗಲೂ ನಡೆದದ್ದು ಉತ್ಸರ್ಗ. ಹೋಟೆಲಿನವನು ಊಟಕ್ಕೆ ಬಂದವರಿಗೆ ಎಂದು ಫಲಕ ಹಾಕಿದರೆ ಅದು ಅಭ್ಯನುಜ್ಞೆ. ಅದು ಊಟಕ್ಕೆ ಬಂದವರಿಗೆ ಮಾತ್ರ. ಏನನ್ನೂ ಹೇಳದ ಗೃಹಸ್ಥನ ಜಾಲವಾದರೋ ಪರರ ನೀರೇ ಸರಿ.

ಸೇವಕನ ವಾದವೊಂದು ಉಳಿಯಿತು. ಸೇವಕನಿಗೆ ಯಜಮಾನನು ಅಧಿಕಾರವನ್ನು ಕೊಟ್ಟಿದ್ದರೆ ಸೇವಕನ ಅನುಮತಿಯು ಯಜಮಾನನ ಅನುಮತಿ. ಆದರೆ ಹಿಂದಿನ ವರ್ಷಗಳಲ್ಲಿ ಬಹುಮಂದಿ ತಯಾರಕರು ರೌಟರನ್ನು ಪಾಸ್‌ವರ್ಡ್ ಇಲ್ಲದೆಯೇ ಮಾರುತ್ತಿದ್ದರು. ಕೊಂಡವನು ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಹೂಡುತ್ತಿದ್ದನು. ಅಲ್ಲಿ ಬಾಗಿಲನ್ನು ತೆರೆದಿಟ್ಟವನು ಮನೆಯ ಯಜಮಾನನಲ್ಲ, ಯಂತ್ರವನ್ನು ಮಾಡಿದವನು. ಹೀಗಿರಲಾಗಿ ಯಂತ್ರದ ಸಮ್ಮತಿಯಿಂದ ಯಜಮಾನನ ಇಚ್ಛೆಯನ್ನು ಊಹಿಸುವುದು ಅನುಮಾನಾಭಾಸವೇ ಸರಿ. ಜಾಲದ ಹೆಸರೇ ‘ಎಲ್ಲರಿಗೂ ಉಚಿತ’ ಎಂದಿದ್ದರೆ ಮಾತು ಬೇರೆ. ಆಗ ಯಜಮಾನನ ಇಚ್ಛೆಯು ಯಂತ್ರದ ಬಾಯಿಂದಲೇ ಹೊರಟಂತಾಯಿತು.

೫. ರಾಜಶಾಸನ

ಧರ್ಮಶಾಸ್ತ್ರದ ನಿರ್ಣಯವು ಹೀಗಿರಲು ಈಗಿನ ಕಾನೂನು ಏನು ಹೇಳುತ್ತದೆಂಬುದನ್ನು ನೋಡಬೇಕು. ಭಾರತದ ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ನೆಯ ಕಲಮು, ಒಡೆಯನ ಅಥವಾ ಅದರ ಉಸ್ತುವಾರಿಯಲ್ಲಿರುವವನ ಅನುಮತಿಯಿಲ್ಲದೆ ಗಣಕಯಂತ್ರವನ್ನಾಗಲಿ ಗಣಕಜಾಲವನ್ನಾಗಲಿ ಪ್ರವೇಶಿಸುವವನನ್ನು ನಷ್ಟಪರಿಹಾರಕ್ಕೆ ಹೊಣೆಯಾಗಿಸುತ್ತದೆ. ಇಲ್ಲಿ ಬೀಗದ ಮಾತೇ ಇಲ್ಲ; ಅನುಮತಿಯ ಮಾತು ಮಾತ್ರವೇ ಇದೆ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿಯಾಗಲಿ ವಂಚನೆಯಿಂದಾಗಲಿ ಮಾಡಿದರೆ, ೨೦೦೮ರ ತಿದ್ದುಪಡಿಯಿಂದ ಈಗಿನ ರೂಪವನ್ನು ಪಡೆದ ೬೬ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಅಪ್ರಾಮಾಣಿಕತೆಯೆಂದರೆ ಒಬ್ಬನಿಗೆ ಅನ್ಯಾಯವಾದ ಲಾಭವನ್ನೋ ಮತ್ತೊಬ್ಬನಿಗೆ ಅನ್ಯಾಯವಾದ ನಷ್ಟವನ್ನೋ ಉಂಟುಮಾಡುವ ಉದ್ದೇಶ. ಆದುದರಿಂದ ಫೋನು ತಾನಾಗಿಯೇ ಯಾವುದೋ ಜಾಲಕ್ಕೆ ಅಂಟಿಕೊಂಡರೆ, ಒಡೆಯನಿಗೆ ಅದು ತಿಳಿಯದೆಯೇ ಇದ್ದರೆ, ಅಲ್ಲಿ ದಂಡನೀಯವಾದ ಮನಸ್ಸಿಲ್ಲ. ತಿಳಿದ ಮೇಲೆಯೂ ಮುಂದುವರಿಸಿದರೆ ಆ ಸಮಾಧಾನವು ಉಳಿಯುವುದಿಲ್ಲ.

ಅನ್ಯದೇಶಗಳಲ್ಲಿ ಈ ಪ್ರಶ್ನೆಯು ನೇರವಾಗಿ ನ್ಯಾಯಸ್ಥಾನಗಳ ಮುಂದೆ ಬಂದಿದೆ. ೨೦೦೫ರಲ್ಲಿ ಲಂಡನ್ನಿನ ಪಶ್ಚಿಮ ಭಾಗದಲ್ಲಿ ಪರರ ಮನೆಯ ಮುಂದೆ ನಿಂತು ಅವರ ಜಾಲವನ್ನು ಬಳಸಿದವನಿಗೆ ೨೦೦೩ರ ಸಂಪರ್ಕ ಕಾಯಿದೆಯಂತೆ ೫೦೦ ಪೌಂಡು ದಂಡವಾಯಿತು. ೨೦೦೭ರ ಜನವರಿಯಲ್ಲಿ ಸಿಂಗಪುರದಲ್ಲಿ ನೆರೆಯವರ ಜಾಲವನ್ನು ಬಳಸಿದ ಹದಿನೇಳು ವರ್ಷದ ಹುಡುಗನನ್ನು ಹದಿನೆಂಟು ತಿಂಗಳ ಮೇಲ್ವಿಚಾರಣೆಯಲ್ಲಿಟ್ಟರು. ಅದೇ ವರ್ಷ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಗಿರಾಕಿಗಳಿಗೆಂದು ಕಾಫಿ ಅಂಗಡಿಯು ತೆರೆದಿಟ್ಟಿದ್ದ ಜಾಲವನ್ನು ಹೊರಗೆ ಕಾರಿನಲ್ಲಿ ಕುಳಿತು ಬಳಸುತ್ತಿದ್ದವನಿಗೆ ೪೦೦ ಡಾಲರು ದಂಡವೂ ೪೦ ಗಂಟೆಗಳ ಸಮಾಜಸೇವೆಯೂ ಆದವು. ಅಂಗಡಿಯವರು ದೂರನ್ನೇ ಕೊಟ್ಟಿರಲಿಲ್ಲ. ಜರ್ಮನಿಯ ವುಪ್ಪರ್ಟಾಲ್ ನಗರದಲ್ಲಿ ಮಾತ್ರ ಎರಡು ಬಗೆಯ ತೀರ್ಪುಗಳಾದವು. ೨೦೦೭ರಲ್ಲಿ ಕೆಳಗಿನ ನ್ಯಾಯಸ್ಥಾನವು ಇದು ದಂಡಾರ್ಹವೆಂದಿತು. ೨೦೧೦ರಲ್ಲಿ ಅಲ್ಲಿಯ ಮೇಲಿನ ನ್ಯಾಯಸ್ಥಾನವು ಬೇರೊಂದು ಮೊಕದ್ದಮೆಯಲ್ಲಿ, ಅನಾವೃತ ಜಾಲಕ್ಕೆ ಸೇರಿಕೊಂಡ ಮಾತ್ರಕ್ಕೆ ಅಪರಾಧವಾಗುವುದಿಲ್ಲವೆಂದಿತು. ದಂಡವಿಲ್ಲವೆಂದು ಅವರು ಹೇಳಿದರೇ ಹೊರತು ಧರ್ಮವೆಂದು ಹೇಳಲಿಲ್ಲ. ದಂಡಕ್ಕೆ ಯೋಗ್ಯವಲ್ಲದುದೆಲ್ಲ ಆಚರಣೆಗೆ ಯೋಗ್ಯವೆಂದು ಭಾವಿಸುವುದು ವಿವೇಕವಲ್ಲ.

ಸೇರಿಕೊಳ್ಳುವುದಕ್ಕಿಂತ ಭಿನ್ನವಾದ ಮತ್ತೊಂದು ಕಾರ್ಯವುಂಟು: ಅನಾವೃತ ಜಾಲದಲ್ಲಿ ಹರಿಯುವ ಪರರ ಮಾತನ್ನು ಕದ್ದು ಕೇಳುವುದು. ಬೀದಿಗಳ ಚಿತ್ರಗಳನ್ನು ತೆಗೆಯುತ್ತಿದ್ದ ಗೂಗಲ್ ಸಂಸ್ಥೆಯ ವಾಹನಗಳು ಇಂಥ ಜಾಲಗಳಿಂದ ಜನರ ಮಾಹಿತಿಯನ್ನೂ ಸಂಗ್ರಹಿಸಿದ್ದುವೆಂದು ೨೦೧೦ರಲ್ಲಿ ಹೊರಬಿತ್ತು. ಎಲ್ಲರಿಗೂ ಕೇಳಿಸುವ ರೇಡಿಯೋ ಪ್ರಸಾರದಂತೆ ಇದೂ ನಿರ್ಬಾಧಿತವೆಂಬ ಸಂಸ್ಥೆಯ ವಾದವನ್ನು ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ೨೦೧೩ರಲ್ಲಿ ತಳ್ಳಿಹಾಕಿತು. ಕಿಟಕಿ ತೆರೆದಿದೆಯೆಂದು ಕಿವಿಗೊಟ್ಟು ನಿಲ್ಲುವುದು ಎಲ್ಲ ದೇಶಗಳಲ್ಲಿಯೂ ನಿಂದ್ಯವೇ.

೬. ಒಡೆಯನ ಕರ್ತವ್ಯ

ಬಳಸುವವನ ದೋಷವನ್ನು ಹೇಳಿ ಒಡೆಯನ ಅಜಾಗರೂಕತೆಯನ್ನು ಮುಚ್ಚಿಡುವುದು ಪಕ್ಷಪಾತವಾದೀತು. ಊರಿನ ಬಳಿಯಲ್ಲಿ ಬೇಲಿಯಿಲ್ಲದ ಹೊಲದ ಪೈರನ್ನು ದನಗಳು ಹಾಳುಮಾಡಿದರೆ ರಾಜನು ದನಕಾಯುವವನನ್ನು ದಂಡಿಸಕೂಡದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿದೆ. ಬೇಲಿ ಹಾಕುವುದು ಹೊಲದವನ ಕೆಲಸವೆಂಬುದು ಇದರ ತಾತ್ಪರ್ಯ. ೨೦೦೮ರ ಘಟನೆಗಳಾದ ಮೇಲೆ, ೨೦೦೯ರ ಫೆಬ್ರುವರಿಯಲ್ಲಿ ಭಾರತದ ದೂರಸಂಪರ್ಕ ಇಲಾಖೆಯು ಗ್ರಾಹಕರ ವೈಫೈ ಸಂಪರ್ಕಗಳು ಸುರಕ್ಷಿತವಾಗಿರುವಂತೆ ನೋಡಿಕೊಳ್ಳಬೇಕೆಂದು ಅಂತರ್ಜಾಲ ಸೇವೆಯನ್ನು ಒದಗಿಸುವವರಿಗೆ ನಿರ್ದೇಶನವಿತ್ತಿತು. ಜರ್ಮನಿಯ ಶ್ರೇಷ್ಠ ನ್ಯಾಯಾಲಯವು ೨೦೧೦ರ ಮೇ ತಿಂಗಳಲ್ಲಿ, ಜಾಲಕ್ಕೆ ತಕ್ಕ ಪಾಸ್‌ವರ್ಡ್ ಇಡದವನು ಅನ್ಯರು ಅದರ ಮೂಲಕ ಮಾಡಿದ ಕೃತಿಸ್ವಾಮ್ಯದ ಉಲ್ಲಂಘನೆಗೆ ನಷ್ಟಪರಿಹಾರ ಕೊಡಬೇಕಾಗಿಲ್ಲವಾದರೂ ತಡೆಯಾಜ್ಞೆಗೆ ಗುರಿಯಾಗುತ್ತಾನೆಂದು ತೀರ್ಮಾನಿಸಿತು. ಇದರಿಂದ ಕಾಫಿ ಅಂಗಡಿಯವರು ಸಹ ಹೆದರಿ ಜಾಲವನ್ನು ಮುಚ್ಚುವಂತಾದುದರಿಂದ ೨೦೧೭ರಲ್ಲಿ ಆ ದೇಶದವರು ಕಾನೂನನ್ನೇ ತಿದ್ದಿ ಆ ಹೊಣೆಯನ್ನು ಸಡಿಲಿಸಿದರು. ಬೇಲಿಯನ್ನು ಕಡ್ಡಾಯಮಾಡಿದರೆ ಅರವಟ್ಟಿಗೆಗಳೂ ಮುಚ್ಚಿಹೋಗುವ ಭಯವುಂಟೆಂಬುದು ಇದರಿಂದ ತಿಳಿಯತಕ್ಕ ನೀತಿ.

ಹಾಕುವ ಬೇಲಿಯೂ ಗಟ್ಟಿಯಾಗಿರಬೇಕು. ವೆಪ್ ಎಂಬ ಮೊದಲನೆಯ ಗೂಢಲಿಪಿಯ ಕ್ರಮವು ಭೇದ್ಯವೆಂದು ೨೦೦೧ರಲ್ಲಿಯೇ ಸಿದ್ಧವಾಯಿತು. ೨೦೦೪ರ ಡಬ್ಲ್ಯುಪಿಎ-೨, ೨೦೧೮ರ ಡಬ್ಲ್ಯುಪಿಎ-೩ ಎಂಬ ಕ್ರಮಗಳೇ ಈಗ ಆಶ್ರಯಿಸತಕ್ಕವು.

೭. ಆಪದ್ಧರ್ಮ

೨೦೨೦ರಲ್ಲಿ ಮಹಾಮಾರಿಯಿಂದ ಪಾಠಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಫೋನಿನ ಮೂಲಕ ನಡೆಯಬೇಕಾಯಿತು. ಮಲೆನಾಡಿನ ಮಕ್ಕಳು ಸಂಪರ್ಕವನ್ನು ಅರಸುತ್ತ ಗುಡ್ಡಗಳನ್ನು ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಿದರು. ಅಂಥ ಮಗುವಿಗೆ ಒಂದು ಅನಾವೃತ ಜಾಲವು ದೊರೆತು ಅದರಿಂದ ಪಾಠವನ್ನು ಕೇಳಿದರೆ ಅದೂ ಅದತ್ತೋಪಭೋಗವೆ? ಇಲ್ಲಿ ಬುತ್ತಿ ಮುಗಿದ ಪಥಿಕನ ನ್ಯಾಯವು ಸಲ್ಲುತ್ತದೆ. ತಪ್ಪಿಸಲಾಗದ ಕಾರ್ಯವಿದ್ದು, ಕೇಳುವುದಕ್ಕೆ ಒಡೆಯನು ಸಿಕ್ಕದೆ ಇದ್ದು, ಬಳಕೆಯು ಸ್ವಲ್ಪವಾಗಿದ್ದರೆ ನೀತಿಯ ದೃಷ್ಟಿಯಿಂದ ನಿಂದೆಯಿಲ್ಲ; ಒಡೆಯನು ಸಿಕ್ಕಿದೊಡನೆ ಹೇಳುವುದು ಮಾತ್ರ ಕರ್ತವ್ಯ. ಕಾನೂನಿನಲ್ಲಿ ಇಂಥ ವಿನಾಯಿತಿಯನ್ನು ಬರೆದಿಲ್ಲವೆಂಬುದನ್ನೂ ಮರೆಯಬಾರದು. ಆದರೆ ನೆರೆಯವನು ಮನೆಯಲ್ಲಿಯೇ ಇರುವಾಗ, ಬಾಗಿಲು ತಟ್ಟಿ ಕೇಳುವ ಸಂಕೋಚವೊಂದನ್ನೇ ಆಪತ್ತೆಂದು ಕರೆಯಲಾಗುವುದಿಲ್ಲ.

೮. ಪ್ರಯೋಜನ

ಇದುವರೆಗಿನ ವಿಚಾರದಿಂದ ಸಿದ್ಧವಾದ ಅಂಶಗಳನ್ನು ಸಂಗ್ರಹಿಸಿ ಹೇಳುತ್ತೇವೆ. (೧) ಸರ್ವರಿಗಾಗಿ ಬಿಟ್ಟ ಜಾಲವನ್ನು ಅದರ ನಿಯಮಗಳಿಗೆ ಒಳಪಟ್ಟು ಯಾರು ಬೇಕಾದರೂ ಬಳಸಬಹುದು. (೨) ಒಂದು ವರ್ಗದವರಿಗೆ ಅನುಮತಿಯಿರುವ ಜಾಲವನ್ನು ಆ ವರ್ಗದವರು ಮಾತ್ರ ಬಳಸಬಹುದು. (೩) ಅನುಮತಿಯ ಚಿಹ್ನೆಯಿಲ್ಲದ ಜಾಲವು ಅನಾವೃತವಾಗಿದ್ದರೂ ಪರಸ್ವವೇ, ಕೇಳಿ ಬಳಸತಕ್ಕದ್ದು. (೪) ಅರಿಯದೆ ಸೇರಿದವನಿಗೆ ದೋಷವಿಲ್ಲ; ಅರಿತ ಮೇಲೆ ಬಿಡತಕ್ಕದ್ದು. (೫) ಒಡೆಯನು ಮುಚ್ಚುವುದಾದರೆ ಸರಿಯಾಗಿ ಮುಚ್ಚಬೇಕು. ತೆರೆಯುವುದಾದರೆ ತಿಳಿದು, ಹೇಳಿ ತೆರೆಯಬೇಕು.

ಐದು ಹಿಡಿ ಮಣ್ಣನ್ನು ಎತ್ತಬೇಕೆಂಬ ವಿಧಿಯಲ್ಲಿ ನಮಗೆ ಇನ್ನೊಂದು ಸೂಕ್ಷ್ಮವೂ ಕಾಣುತ್ತದೆ. ಪರರ ಕೆರೆಯಲ್ಲಿ ಮಿಂದವನು ಆ ಕೆರೆಯ ಹೂಳನ್ನು ಅಷ್ಟಾದರೂ ತೆಗೆದು, ಒಡೆಯನಿಗೆ ಸ್ವಲ್ಪ ಉಪಕಾರಮಾಡಿ ಹೋಗುತ್ತಾನೆ. ನೆರೆಯವರ ಜಾಲವು ಕಾವಲಿಲ್ಲದೆ ಬಿದ್ದಿರುವುದನ್ನು ಕಂಡವನು ಮಾಡಬಹುದಾದ ಇಂಥ ಉಪಕಾರವು ಒಂದೇ: ಅವರ ಬಾಗಿಲಿಗೆ ಹೋಗಿ ಅದನ್ನು ಅವರಿಗೆ ತಿಳಿಸುವುದು. ಅವರು ಅದನ್ನು ಮುಚ್ಚಿದರೆ ಒಂದು ಮನೆಯ ಹೆಸರು ಉಳಿಯಿತು; ನೀವೂ ಬಳಸಿರೆಂದರೆ ಅದತ್ತವಾಗಿದ್ದುದು ದತ್ತವಾಯಿತು.